ಸ್ತ್ರೀಶಕ್ತಿ ಸಂಘ ನಡೆಸೋರು ಮಾತುಗಾರ್ತಿಯೇ ಆಗಿರಬೇಕಾ?
ಬೇಕಿಲ್ಲ. ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಹೆಸರಾದದ್ದು ಭಾಷಣದಿಂದಲ್ಲ. ಹುಲಿಕಲ್–ಕುದೂರು ರಸ್ತೆಯ ಆಲದ ಸಸಿಗಳಿಗೆ ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತು.

15–20 ಜನರ ಸಂಘದಲ್ಲೂ ಬ್ಯಾಂಕಿನಲ್ಲಿ ಜೋರಾಗಿ ಕೇಳೋರು ಒಬ್ಬರು, ಕಂತು ತಪ್ಪಿದವರ ಮನೆಗೆ ಹೋಗಿ ಮೆಲ್ಲಗೆ ವಿಚಾರಿಸೋರು ಇನ್ನೊಬ್ಬರು ಇರಬೇಕು. (ವಸೂಲಿಗೆ ಎರಡನೆಯವರೇ ವಾಸಿ ಅನ್ನಿ.) ಸಂಘ ಕೆಡೋದು ಲೆಕ್ಕದ ಪುಸ್ತಕ, ನಗದು, ಸಹಿ ಮೂರೂ ಒಬ್ಬರ ಕೈಗೆ ಸೇರಿದಾಗ. ಲೆಕ್ಕ ಬರೆಯೋರ ಹತ್ತಿರ ದುಡ್ಡು ಬೇಡ. ಬ್ಯಾಂಕ್ ಖಾತೆಗೆ ಸಂಘದ ಇಬ್ಬರು ಪ್ರತಿನಿಧಿಗಳ ಜಂಟಿ ಸಹಿ ಇರಲಿ. ವಾರದ ಸಭೆಯಲ್ಲಿ ಪ್ರತಿಯೊಬ್ಬರ ಉಳಿತಾಯ, ಸಾಲದ ಬಾಕಿ ಗಟ್ಟಿಯಾಗಿ ಓದಿಸಿ. ಓದು ಬಾರದವರಿಗೂ ತಪ್ಪು ಕಿವಿಗೆ ಬೀಳುತ್ತೆ. ಪ್ರತಿನಿಧಿಗಳನ್ನು ಬದಲಿಸುವಾಗ ಇಬ್ಬರನ್ನೂ ಒಟ್ಟಿಗೆ ಇಳಿಸಬೇಡಿ, ಹಳಬರೊಬ್ಬರು ಉಳಿದರೆ ಬ್ಯಾಂಕ್ ಕೆಲಸ ನಿಲ್ಲಲ್ಲ.