ಯುದ್ಧ ನಿಲ್ಲಿಸುವ ಮಾತುಕತೆಗೆ ಮುಂಚೆ ಒಳಗೆ ಏನು ಲೆಕ್ಕ ನಡೆಯುತ್ತದೆ?

ನೀವು ಕೇಳಿದ್ದು ಇದು: ಯುದ್ಧ ಮುಗಿಸಲು ಮಾತುಕತೆಗೆ ಕೂರುವ ಮುಂಚೆ ಸರ್ಕಾರದ ದೊಡ್ಡವರು ಒಳಗೆ ಬಾಗಿಲು ಹಾಕಿಕೊಂಡು ನಿಜವಾಗಿ ಏನು ಮಾತಾಡುತ್ತಾರೆ? ಹೊರಗೆ ಹೇಳುವುದಕ್ಕೂ ಅದಕ್ಕೂ ಅಷ್ಟೊಂದು ವ್ಯತ್ಯಾಸ ಇರುತ್ತದಾ?

ಇರುತ್ತದೆ. ನಾನು ಓದಿ ತಿಳಿದ ಮಟ್ಟಿಗೆ, ಒಳಗೆ ಜಾಸ್ತಿ ನಡೆಯುವುದು ದಿನಗಳ ಲೆಕ್ಕ. ನಾವು ಎಷ್ಟು ದಿನ ತಡೆಯಬಲ್ಲೆವು, ಅವರು ಎಷ್ಟು ದಿನ ತಡೆಯಬಲ್ಲರು, ಸಹಿ ಹಾಕಿದ ಒಪ್ಪಂದ ಎಷ್ಟು ದಿನ ಮುರಿಯದೆ ನಿಂತರೆ ದೂರು ನಮ್ಮ ತಲೆಗೆ ಬರುವುದಿಲ್ಲ. ಗಡಿ, ಸೈನ್ಯ, ಕೈದಿಗಳು, ಎಲ್ಲವೂ ಆ ಲೆಕ್ಕದ ಒಳಗೇ ಬರುತ್ತವೆ.

ನಾನು ವಿದೇಶಾಂಗ ಇಲಾಖೆಯವನಲ್ಲ. 1970ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಕಾರ್ಕಳದ ಕಡೆಯಿಂದ ಮುಂಬೈಗೆ ಬಂದವನು. ಫೋರ್ಟಿನ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಾ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದೆ. ಗಲ್ಲೆಯ ಪಕ್ಕದ ರೇಡಿಯೋದಲ್ಲಿ ದಿನವೂ ವಿಯೆಟ್ನಾಂ ಸುದ್ದಿ. ನಮ್ಮ ಮಾಸ್ತರು ನಕ್ಷೆ ಬಿಡಿಸಿ ಆ ದೇಶ ಎಲ್ಲಿದೆ ಎಂದು ತೋರಿಸಿದ್ದರು. ಅಂದಿನಿಂದ ಆ ಯುದ್ಧ ಹೇಗೆ ಮುಗಿಯಿತು ಎಂಬುದನ್ನು ಓದುತ್ತಲೇ ಇದ್ದೇನೆ.

ವಿಯೆಟ್ನಾಮಿನಿಂದಲೇ ಶುರು ಮಾಡುತ್ತೇನೆ. ಒಳಗಿನ ಮಾತು ಅಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕೇಳಿಸುವುದಿಲ್ಲ. 1971ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ತಮ್ಮ ಕಚೇರಿಯಲ್ಲಿ ಧ್ವನಿ ಮುದ್ರಿಸುವ ಯಂತ್ರ ಕೂರಿಸಿದರು. ಆ ಟೇಪುಗಳು ಈಗ ಸಾರ್ವಜನಿಕರಿಗೆ ಸಿಗುತ್ತವೆ. 1972ರ ಆಗಸ್ಟ್ 3ರಂದು ಅವರೂ ಸಲಹೆಗಾರ ಹೆನ್ರಿ ಕಿಸಿಂಜರ್ ಅವರೂ ಮಾತಾಡುತ್ತಿದ್ದಾರೆ. ಚುನಾವಣೆಗೆ ಮೂರು ತಿಂಗಳಿದೆ. ದಕ್ಷಿಣ ವಿಯೆಟ್ನಾಂ ಹೇಗೂ ಬಹುಶಃ ಉಳಿಯಲಾರದು ಎನ್ನುತ್ತಾರೆ ನಿಕ್ಸನ್. ಅದು ಅವರದೇ ಮಿತ್ರ ದೇಶ. ಉತ್ತರ ವಿಯೆಟ್ನಾಮಿನಿಂದ ಅದನ್ನು ಉಳಿಸಲೆಂದೇ ಅಷ್ಟು ವರ್ಷ ಯುದ್ಧ. ಅದಕ್ಕೆ ಕಿಸಿಂಜರ್ ಕೊಟ್ಟ ಉತ್ತರದ ತಿರುಳು ಇಷ್ಟು: ಒಂದೆರಡು ವರ್ಷ ಹಿಡಿದು ನಿಲ್ಲಿಸುವಂಥ ಒಂದು ಸೂತ್ರ ಹುಡುಕಬೇಕು. ಈ ಅಕ್ಟೋಬರಿನಲ್ಲಿ ಇತ್ಯರ್ಥವಾದರೆ, 1974ರ ಜನವರಿ ಹೊತ್ತಿಗೆ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಒಂದು ದೇಶ ಎಷ್ಟು ತಿಂಗಳು ಉಸಿರಾಡಿದರೆ ಸಾಕು ಎಂದು ಇಬ್ಬರು ಕೂತು ಲೆಕ್ಕ ಹಾಕುತ್ತಿದ್ದಾರೆ. ಹೊರಗೆ ಜನರಿಗೆ ಹೇಳುತ್ತಿದ್ದದ್ದು ಗೌರವದ ಶಾಂತಿ ಎಂದು. ಒಂದು ವರ್ಷ ಮುಂಚೆ, 1971ರ ಜುಲೈಯಲ್ಲಿ ಕಿಸಿಂಜರ್ ಗುಟ್ಟಾಗಿ ಚೀನಾಕ್ಕೆ ಹೋದಾಗ ಜೊತೆಗೆ ಒಯ್ದ ಟಿಪ್ಪಣಿ ಪುಸ್ತಕದ ಅಂಚಿನಲ್ಲೂ ನಮಗೆ ಮರ್ಯಾದೆ ಉಳಿಯುವಷ್ಟು ಅಂತರ ಬೇಕು ಎಂದು ಅವರ ಕೈಬರಹವಿದೆ. ಅಂತರ ಎಂದರೆ ಅಮೆರಿಕ ಹೊರಟು ಹೋಗುವುದಕ್ಕೂ ದಕ್ಷಿಣದ ರಾಜಧಾನಿ ಸೈಗಾನ್ ಬೀಳುವುದಕ್ಕೂ ನಡುವಿನ ಕಾಲ.

1973ರ ಜನವರಿ 27ರಂದು ಪ್ಯಾರಿಸಿನಲ್ಲಿ ಸಹಿಯಾಯಿತು. 591 ಅಮೆರಿಕನ್ ಕೈದಿಗಳು ಮನೆಗೆ ಬಂದರು. ಉತ್ತರ ವಿಯೆಟ್ನಾಮಿನ ಸುಮಾರು ಒಂದೂವರೆ ಲಕ್ಷ ಸೈನಿಕರು ಮಾತ್ರ ದಕ್ಷಿಣದಲ್ಲಿ ಇದ್ದಲ್ಲೇ ಉಳಿದರು. 1975ರ ಏಪ್ರಿಲ್ 30ಕ್ಕೆ ಸೈಗಾನ್ ಬಿತ್ತು. ಎರಡು ವರ್ಷ, ಮೂರು ತಿಂಗಳು.

ಇದಕ್ಕೆ ಇನ್ನೊಂದು ವಾದವೂ ಇದೆ, ಅದನ್ನೂ ಹೇಳಬೇಕು. ಉತ್ತರದವರು ಒಪ್ಪಂದ ಮುರಿದರೆ ಮತ್ತೆ ಬಾಂಬು ಹಾಕುವ ಮನಸ್ಸು ತಮಗಿತ್ತು, ನಿಕ್ಸನ್ ಅಧಿಕಾರವನ್ನೇ ಕಳೆದ ವಾಟರ್‌ಗೇಟ್ ಹಗರಣ ಮತ್ತು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ತಮ್ಮ ಕೈ ಕಟ್ಟಿದವು ಎಂದು ಇಬ್ಬರೂ ಆಮೇಲೆ ಹೇಳಿಕೊಂಡರು. 1973ರ ಆಗಸ್ಟ್ 15ರಿಂದ ಅಲ್ಲಿ ಬಾಂಬು ಹಾಕಲು ಹಣವಿಲ್ಲ ಎಂದು ಕಾಂಗ್ರೆಸ್ ಕಾನೂನು ಮಾಡಿದ್ದು ನಿಜ. ಆದರೆ ಆಗಸ್ಟ್ 3ರ ಆ ಮಾತಿನಲ್ಲಿ ವಾಟರ್‌ಗೇಟಿನ ಭಯ ಕಾಣುವುದಿಲ್ಲ. ಅಲ್ಲಿ ಕಾಣುವುದು ಕ್ಯಾಲೆಂಡರ್ ಒಂದೇ. ನಿಕ್ಸನ್ ಅಧಿಕಾರಕ್ಕೆ ಬಂದ ಮೇಲೆ ಆ ಯುದ್ಧದಲ್ಲಿ ಸತ್ತ ಅಮೆರಿಕನ್ನರೇ 20,000ಕ್ಕಿಂತ ಜಾಸ್ತಿ. ವಿಯೆಟ್ನಾಮಿನವರ ಸಾವು ಲಕ್ಷಗಳಲ್ಲಿ. ಅದನ್ನು ಪಕ್ಕಕ್ಕಿಟ್ಟು ಈ ವಾದ ಒಪ್ಪಲು ನನ್ನಿಂದ ಆಗುವುದಿಲ್ಲ.

ಆ ಮಾತನ್ನು ಮೊದಲ ಸಲ ಓದಿದಾಗ ನನಗೆ ಅದು ಎಲ್ಲೋ ಕೇಳಿದಂತೆ ಅನ್ನಿಸಿತು. ಕೇಳಿದ್ದೆ. 1982ರಲ್ಲಿ, ಲೋವರ್ ಪರೇಲಿನಲ್ಲಿ.

ರಾತ್ರಿ ಶಾಲೆ, ಆಮೇಲೆ ಟೈಪಿಂಗ್ ಕಲಿತು ನಾನು ಒಂದು ಬಟ್ಟೆ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಆ ವರ್ಷ ಜನವರಿ 18ರಿಂದ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮುಂಬೈ ಮಿಲ್ಲುಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದ್ದರು. ಜುಲೈಯ ಜೋರು ಮಳೆಯ ಒಂದು ದಿನ ಒಳಗೆ ಮೀಟಿಂಗು. ಬರೆದುಕೊಳ್ಳಲು ನನ್ನನ್ನು ಮೂಲೆಯಲ್ಲಿ ಕೂರಿಸಿದ್ದರು. ದೊಡ್ಡ ಹುದ್ದೆಯವರೊಬ್ಬರು ಹೇಳಿದರು: "ಈಗ ಯಾಕೆ ಮಾತು? ಗೋದಾಮಿನ ಹಳೇ ಸ್ಟಾಕು ಮೊದಲು ಖಾಲಿಯಾಗಲಿ. ಗಣಪತಿ ಹಬ್ಬದ ತನಕ ತಡೆದರೆ ಸಾಕು, ಕೈಯಲ್ಲಿ ಕಾಸಿಲ್ಲದೆ ತಾವೇ ಗೇಟಿಗೆ ಬರುತ್ತಾರೆ." ಯಾರೂ ಬೇಡ ಅನ್ನಲಿಲ್ಲ. ನಾನು ಟೈಪ್ ಮಾಡಿದ ಹಾಳೆಯಲ್ಲಿ ಬಂದದ್ದು ಬೇರೆ: ಮಾತುಕತೆಯಿಂದ ಬಗೆಹರಿಸಲು ಆಡಳಿತ ಸದಾ ಸಿದ್ಧವಿದೆ.

ಮುಷ್ಕರ ಬೇರೆ, ಯುದ್ಧ ಬೇರೆ, ಗೊತ್ತು. ಆದರೆ ಎದುರಿಗಿದ್ದವನು ಯಾವಾಗ ಬಸವಳಿಯುತ್ತಾನೆ ಎಂದು ಕಾಯುವ ಕೋಣೆ ಹೇಗಿರುತ್ತದೆ ಎಂಬುದು ನನಗೆ ಅಲ್ಲಿ ಗೊತ್ತಾಯಿತು. ಅಲ್ಲಿ ಯಾರೂ ಕೂಗಾಡುವುದಿಲ್ಲ. ಟೀ ಬರುತ್ತದೆ, ಬಿಸ್ಕತ್ತು ಬರುತ್ತದೆ.

ಒಳಗೆ ನಡೆಯುವ ಇನ್ನೊಂದು ದೊಡ್ಡ ಚರ್ಚೆ, ಎದುರಿಗೆ ಯಾರನ್ನು ಕೂರಿಸುವುದು ಎಂಬುದು. ಮುಂಬೈಯಲ್ಲಿ 1946ರ ಕಾನೂನಿನ ಪ್ರಕಾರ ಮಾನ್ಯತೆ ಪಡೆದ ಯೂನಿಯನ್ ಬೇರೆ ಇತ್ತು. ಕಾರ್ಮಿಕರು ಸಾಮಂತರ ಹಿಂದೆ ಇದ್ದರು. ಯಾರ ಜೊತೆ ಮಾತಾಡಬೇಕು ಎಂಬಲ್ಲೇ ಗಾಡಿ ನಿಂತಿತು. ಪ್ಯಾರಿಸಿನಲ್ಲೂ ಇದೇ ಆಗಿತ್ತು. 1968ರ ಕೊನೆಯಲ್ಲಿ ಸುಮಾರು ಹತ್ತು ವಾರ ಮೇಜಿನ ಆಕಾರದ ಬಗ್ಗೆ ಜಗಳವಾಯಿತು. ಓದಿದವರು ನಗುತ್ತಾರೆ. ಜಗಳ ಮೇಜಿನದ್ದಲ್ಲ. ದಕ್ಷಿಣದ ಗೆರಿಲ್ಲಾಗಳ ಸಂಘಟನೆಯೂ ಒಂದು ಸ್ವತಂತ್ರ ಪಕ್ಷ ಎಂದು ಉತ್ತರದವರು, ಅಲ್ಲವೇ ಅಲ್ಲ ಎಂದು ಸೈಗಾನಿನವರು. ಕೊನೆಗೆ ಒಂದು ದುಂಡು ಮೇಜು, ಆಚೆ ಈಚೆ ಎರಡು ಚಿಕ್ಕ ಉದ್ದ ಮೇಜು ಎಂದು 1969ರ ಜನವರಿಯಲ್ಲಿ ಒಪ್ಪಿಕೊಂಡರು. ನೋಡಿದವರು ಎರಡು ಪಕ್ಷ ಅಂತಲೂ ಎಣಿಸಬಹುದು, ನಾಲ್ಕು ಅಂತಲೂ ಎಣಿಸಬಹುದು.

ತಮ್ಮದೇ ಮಿತ್ರನನ್ನು ಹೇಗೆ ಸಂಭಾಳಿಸುವುದು ಎಂಬುದಂತೂ ಶತ್ರುವಿನ ಜೊತೆ ಮಾತಾಡುವುದಕ್ಕಿಂತ ಕಷ್ಟ. 1972ರ ಅಕ್ಟೋಬರಿನಲ್ಲಿ ಉತ್ತರದ ಸಂಧಾನಕಾರ ಲೆ ಡಕ್ ಥೋ ಮುಖ್ಯ ಪಟ್ಟು ಸಡಿಲಿಸಿದರು. ಶಾಂತಿ ಕೈಗೆಟುಕಿದೆ ಎಂದು ಕಿಸಿಂಜರ್ ಪತ್ರಕರ್ತರಿಗೆ ಹೇಳಿಯೂ ಬಿಟ್ಟರು. ಆದರೆ ಸೈಗಾನಿನ ಅಧ್ಯಕ್ಷ ಥಿಯು ಒಪ್ಪಲಿಲ್ಲ. ತನ್ನ ನೆಲದಲ್ಲಿ ಶತ್ರು ಸೈನ್ಯ ಉಳಿಯುವ ಒಪ್ಪಂದ ತನಗೆ ಮರಣಪತ್ರ ಎಂದು ಅವರಿಗೆ ಗೊತ್ತಿತ್ತು. ಅವರನ್ನು ಒಪ್ಪಿಸಲು ನಿಕ್ಸನ್ ಗುಟ್ಟಾಗಿ ಪತ್ರ ಬರೆದರು. ಒಪ್ಪಂದ ಮುರಿದರೆ ಪೂರ್ತಿ ಬಲದಿಂದ ಉತ್ತರಿಸುತ್ತೇವೆ ಎಂದು ಭರವಸೆ. ನೀವು ಬರದಿದ್ದರೆ ನಾವೊಬ್ಬರೇ ಸಹಿ ಹಾಕುತ್ತೇವೆ ಎಂದು ಬೆದರಿಕೆ. ನಡುವೆ ಡಿಸೆಂಬರ್ 18ರಿಂದ 29ರವರೆಗೆ ಉತ್ತರದ ರಾಜಧಾನಿ ಹನಾಯ್ ಸುತ್ತಮುತ್ತ ಅಮೆರಿಕದ ಭಾರೀ ಬಾಂಬ್ ದಾಳಿ. ಜನವರಿಯಲ್ಲಿ ಸಹಿಯಾದ ಕಾಗದ ಅಕ್ಟೋಬರಿನದ್ದಕ್ಕಿಂತ ಹೆಚ್ಚು ಬೇರೆಯಾಗಿರಲಿಲ್ಲ. ಆ ಹನ್ನೆರಡು ದಿನಗಳ ಬಗ್ಗೆ ಯೋಚಿಸಿದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೊರಿಯಾ ಯುದ್ಧದಲ್ಲೂ ಹೀಗೇ. 1951ರ ಜುಲೈಯಲ್ಲಿ ಶುರುವಾದ ಮಾತು ಮುಗಿಯಲು ಎರಡು ವರ್ಷ ಬೇಕಾಯಿತು, ಜಾಸ್ತಿ ಕಾಲ ತಿಂದದ್ದು ಕೈದಿಗಳ ಪ್ರಶ್ನೆ. ಊರಿಗೆ ಮರಳಲು ಒಲ್ಲೆ ಎನ್ನುವ ಕೈದಿಯನ್ನು ಏನು ಮಾಡುವುದು? ಇನ್ನೇನು ಮುಗಿಯಿತು ಎನ್ನುವಾಗ, 1953ರ ಜೂನ್ 18ರಂದು ಅಮೆರಿಕದ ಮಿತ್ರ ದೇಶ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಸುಮಾರು 27,000 ಕೈದಿಗಳನ್ನು ತಾವಾಗಿ ಬಿಡಿಸಿಬಿಟ್ಟರು. ಕದನ ವಿರಾಮವೇ ಅವರಿಗೆ ಬೇಡವಾಗಿತ್ತು. ಅಮೆರಿಕ ರಕ್ಷಣಾ ಒಪ್ಪಂದದ ಮಾತು ಕೊಟ್ಟು ಅವರನ್ನು ಸುಮ್ಮನಾಗಿಸಬೇಕಾಯಿತು. ಊರಿಗೆ ಹೋಗಲೊಪ್ಪದ 22,000ಕ್ಕೂ ಹೆಚ್ಚು ಕೈದಿಗಳು ಕೊನೆಗೆ ಯಾರ ಉಸ್ತುವಾರಿಗೆ ಬಂದರು ಗೊತ್ತಾ? ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಅಧ್ಯಕ್ಷರಾಗಿದ್ದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ. ನಮ್ಮ ಶಾಲೆ ಪುಸ್ತಕಗಳಲ್ಲಿ ಇದಕ್ಕೆ ಜಾಗ ಇರಬೇಕು.

ಹಾಗಾದರೆ ಒಳಗಿನ ಮಾತೆಲ್ಲ ಕೆಟ್ಟದ್ದಾ? ಇಲ್ಲ. ಗುಟ್ಟು ಎಂಬುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಪ್ಯಾರಿಸಿನ ಬಹಿರಂಗ ಸಭೆಯಲ್ಲಿ ವಾರ ವಾರ ಭಾಷಣಗಳಾಗುತ್ತಿದ್ದವು, ಅಷ್ಟೇ. ನಿಜವಾದ ಕೊಡುಕೊಳ್ಳುವಿಕೆ ನಡೆದದ್ದು ಊರ ಹೊರಗಿನ ಒಂದು ಸಾಮಾನ್ಯ ಮನೆಯಲ್ಲಿ. ಕ್ಯಾಮೆರಾ ಮುಂದೆ ಯಾರೂ ಪಟ್ಟು ಬಿಡುವುದಿಲ್ಲ, ಅಲ್ವಾ?

ಒಳಗೆ ಕೂತು ದೂರದ ಲೆಕ್ಕ ಹಾಕಿದ ಉದಾಹರಣೆ ನಮ್ಮಲ್ಲೇ ಇದೆ. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ, ಮುಂಬೈ ಕತ್ತಲಲ್ಲಿತ್ತು. ನಮ್ಮ ಹೋಟೆಲಿನ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದು ನಾನೇ. ಡಿಸೆಂಬರ್ 16ಕ್ಕೆ ಯುದ್ಧ ಮುಗಿದಾಗ ಮಾಲಕರು ಎಲ್ಲರಿಗೂ ಜಿಲೇಬಿ ಹಂಚಿದರು. ಭಾರತದ ಕೈಯಲ್ಲಿ 93,000 ಕೈದಿಗಳು, ಪಶ್ಚಿಮದಲ್ಲಿ ಗೆದ್ದ ಸಾವಿರಾರು ಚದರ ಮೈಲಿ ನೆಲ. ಮುಂದಿನ ಜುಲೈಯಲ್ಲಿ ಶಿಮ್ಲಾದಲ್ಲಿ ಇಂದಿರಾ ಗಾಂಧಿಯವರೂ ಪಾಕಿಸ್ತಾನದ ಅಧ್ಯಕ್ಷ ಭುಟ್ಟೋ ಅವರೂ ಕೂತರು. ನಮ್ಮ ಕಡೆಯ ಒಳಗಿನ ಚರ್ಚೆಯಲ್ಲಿ ಇಂದಿರಾ ಅವರ ಸಲಹೆಗಾರ ಪಿ.ಎನ್. ಹಕ್ಸರ್ ಅವರ ವಾದ ಇದಾಗಿತ್ತು: ಸೋತವರನ್ನು ಇನ್ನಷ್ಟು ತುಳಿಯಬಾರದು. 1919ರಲ್ಲಿ ವರ್ಸೇಲ್ಸ್‌ನಲ್ಲಿ ಜರ್ಮನಿಯನ್ನು ಅವಮಾನಿಸಿದ್ದರಿಂದ ಮುಂದೆ ಏನಾಯಿತು ಎಂಬುದು ಅವರ ಕಣ್ಣೆದುರಿಗಿತ್ತು. ಮಧ್ಯರಾತ್ರಿ ದಾಟಿದ ಮೇಲೆ ಸಹಿಯಾಯಿತು. ನೆಲ ವಾಪಸ್ಸು ಕೊಟ್ಟೆವು. ಕಾಶ್ಮೀರದ ನಿಯಂತ್ರಣ ರೇಖೆಯನ್ನೇ ಕ್ರಮೇಣ ಗಡಿ ಮಾಡಿಕೊಳ್ಳೋಣ ಎಂದು ಭುಟ್ಟೋ ಬಾಯಿಮಾತಿನಲ್ಲಿ ಒಪ್ಪಿದ್ದರು ಎಂದು ಅಲ್ಲೇ ಇದ್ದ, ಇಂದಿರಾ ಅವರ ಕಾರ್ಯದರ್ಶಿ ಪಿ.ಎನ್. ಧರ್ 1995ರಲ್ಲಿ ಬರೆದರು. ಪಾಕಿಸ್ತಾನ ಅದನ್ನು ಒಪ್ಪುವುದಿಲ್ಲ.

ನಾವು ಮೋಸ ಹೋದೆವು ಎಂದು ಜಿಲೇಬಿ ಹಂಚಿದ ನಮ್ಮ ಮಾಲಕರು ಕೊನೆಯವರೆಗೂ ಬೈಯುತ್ತಿದ್ದರು. ನನಗೆ ಹಾಗನ್ನಿಸುವುದಿಲ್ಲ. ಬಾಯಿಮಾತನ್ನು ಕಾಗದಕ್ಕೆ ಇಳಿಸದೆ ಬಂದದ್ದು ದೊಡ್ಡ ತಪ್ಪು, ನಿಜ. ಆದರೆ ಅಲ್ಲಿ ಎಣಿಸಿದ್ದು ಮುಂದಿನ ಚುನಾವಣೆಯ ತನಕದ ದಿನಗಳನ್ನಲ್ಲ, ಮುಂದಿನ ತಲೆಮಾರಿನ ವರ್ಷಗಳನ್ನು. ಅದಾದ ಒಂದು ತಿಂಗಳಿಗೆ, ಆಗಸ್ಟ್ 3ರಂದು ವಾಷಿಂಗ್ಟನ್ನಿನಲ್ಲಿ ನಡೆದ ಆ ಮಾತಿನ ಪಕ್ಕ ಇಟ್ಟು ನೋಡಿ.

ನನ್ನನ್ನು ಕಾಡುವುದು ಗುಟ್ಟಲ್ಲ, ಹೊರಗಿರುವವರು. ಅವರು ಹೊರಗಿನ ಮಾತು ನಂಬಿ ತಮ್ಮ ಬದುಕಿನ ಲೆಕ್ಕ ಹಾಕುತ್ತಾರೆ. ನಮ್ಮ ಮಿಲ್ಲಿನಲ್ಲಿ ಬಿಜಾಪುರ ಕಡೆಯ ಒಬ್ಬರು ಹಿರಿಯ ಕಾರ್ಮಿಕರಿದ್ದರು. ನಾನು ಕಾಕಾ ಅನ್ನುತ್ತಿದ್ದೆ. ಮುಷ್ಕರದುದ್ದಕ್ಕೂ ಸಂಜೆ ಗೇಟಿನ ಬಳಿ ನನ್ನನ್ನು ಕಂಡರೆ ಕೇಳುತ್ತಿದ್ದರು: "ಒಳಗ ಏನರ ಮಾತಾತೇನ್ರಿ?" ನಾನು "ನಡೀತಾ ಇದೆ ಕಾಕಾ" ಎನ್ನುತ್ತಿದ್ದೆ. ಕೆಲಸ ಹೋಗುವ ಹೆದರಿಕೆ ನನಗೆ. ಗಣಪತಿ ಬಂತು, ದೀಪಾವಳಿ ಬಂತು. ಆ ಮುಷ್ಕರವನ್ನು ಯಾರೂ ಅಧಿಕೃತವಾಗಿ ಹಿಂದೆಗೆದುಕೊಳ್ಳಲೇ ಇಲ್ಲ.

1983ರ ಬೇಸಿಗೆಯಲ್ಲಿ ಕಾಕಾ ಚಾಳಿನ ಖೋಲಿ ಬಿಟ್ಟು ಊರಿಗೆ ಹೊರಟರು. ಟ್ರಂಕು ಹೊತ್ತು ದಾದರಿನ ತನಕ ನಾನೂ ಹೋದೆ. ಗಾಡಿ ಬರುವ ಮುಂಚೆ ಆ ಮಳೆಗಾಲದ ಮೀಟಿಂಗಿನ ಮಾತನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಹಳಿ ನೋಡುತ್ತಾ ನಿಂತರು. ಆಮೇಲೆ ಹೇಳಿದರು: "ಅವತ್ತ ಹೇಳಿದ್ರ ಹಿಂಗಾರಿ ಬಿತ್ತಿಗಿಗರ ಊರ ಮುಟ್ಟತಿದ್ನೆಲ್ರಿ. ಒಂದ್ ವರ್ಷ ಉಳೀತಿತ್ತು."