8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಏರ್‌ಫ್ಲೋ ಡೆಮೊ ನಡೆದೀತೇ?

ಪ್ರಶ್ನೆ: ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಉಪನ್ಯಾಸಕಿ. ಮುಂದಿನ ವಾರ ವಿದ್ಯಾರ್ಥಿಗಳಿಗೆ ಅಪಾಚೆ ಏರ್‌ಫ್ಲೋ (ಕೆಲಸಗಳನ್ನು ನಿಗದಿತ ಹೊತ್ತಿಗೆ, ಸರದಿಯಂತೆ ಓಡಿಸುವ ತಂತ್ರಾಂಶ) ತೋರಿಸಬೇಕಾಗಿದೆ. ಅಡಿಕೆ ಧಾರಣೆಯ ಸಿಎಸ್‌ವಿ ಫೈಲನ್ನು ಓದಿ, ತಪ್ಪು ಸಾಲುಗಳನ್ನು ತೆಗೆದು, ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ತುಂಬುವ ಮೂರು ಟಾಸ್ಕ್‌ಗಳ ಪುಟ್ಟ ಪೈಪ್‌ಲೈನ್ ಬರೆದಿದ್ದೇನೆ. ನನ್ನದು 8 ಜಿಬಿ ರ‍್ಯಾಮ್‌ನ ವಿಂಡೋಸ್ ಲ್ಯಾಪ್‌ಟಾಪ್. ಕಂಟೇನರ್‌ಗಳೆಂಬ ಪ್ರತ್ಯೇಕ ಪೆಟ್ಟಿಗೆಗಳಲ್ಲಿ ತಂತ್ರಾಂಶಗಳನ್ನು ಒಟ್ಟಿಗೆ ಓಡಿಸುವ ಡಾಕರ್ ಕಂಪೋಸ್ ಮೂಲಕ ಏರ್‌ಫ್ಲೋ ಆರಂಭಿಸಿದರೆ ಯಂತ್ರವೇ ನಿಂತುಬಿಡುತ್ತದೆ. ಹೇಗೋ ಓಡಿದ ದಿನವೂ ವಿಂಡೋಸ್‌ನಲ್ಲಿರುವ ಪೋಸ್ಟ್‌ಗ್ರೆಸ್ ಸಿಗುವುದಿಲ್ಲ. ಬೆಳಿಗ್ಗೆ 6ಕ್ಕೆ ಇಟ್ಟ ಕೆಲಸ 11.30ಕ್ಕೆ ನಡೆಯುತ್ತದೆ. ಹೊಸ ಯಂತ್ರ ಕೊಳ್ಳಬೇಕೇ?

ಉತ್ತರ: ಕೊಳ್ಳಬೇಕಾಗಿಲ್ಲ. ಮೂರು ಟಾಸ್ಕ್‌ಗಳ ಕೆಲಸಕ್ಕೆ ನೀವು ಇಡೀ ಕಾರ್ಖಾನೆಯನ್ನು ತಂದು ಕೂರಿಸಿದ್ದೀರಿ, ಅಷ್ಟೇ. ಏರ್‌ಫ್ಲೋದ ಅಧಿಕೃತ ಕಂಪೋಸ್ ಫೈಲು ಹಲವು ಯಂತ್ರಗಳಿಗೆ ಕೆಲಸ ಹಂಚುವ ವ್ಯವಸ್ಥೆಯ ಮಾದರಿ. ಅದು ಏರ್‌ಫ್ಲೋದ ಭಾಗಗಳಾದ ಶೆಡ್ಯೂಲರ್, ವೆಬ್ ಸರ್ವರ್, ಟ್ರಿಗರರ್, ಸೆಲರಿ ವರ್ಕರ್‌ಗಳ ಜೊತೆಗೆ ಪೋಸ್ಟ್‌ಗ್ರೆಸ್ ಮತ್ತು ಕೆಲಸಗಳ ಸರದಿಯನ್ನು ಹಿಡಿದಿಡುವ ರೆಡಿಸ್‌ಗಳನ್ನೂ ಒಟ್ಟಿಗೇ ಎಬ್ಬಿಸುತ್ತದೆ. ಇದಕ್ಕೆ ಕನಿಷ್ಠ 4 ಜಿಬಿ, ಸಾಧ್ಯವಾದರೆ 8 ಜಿಬಿ ಮೆಮೊರಿಯನ್ನು ಡಾಕರ್‌ಗೇ ಕೊಡಬೇಕೆಂದು ಅದರ ದಸ್ತಾವೇಜು ಹೇಳುತ್ತದೆ. ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2ಕ್ಕೆ ತಾನಾಗಿ ಸಿಗುವುದು ಯಂತ್ರದ ಮೆಮೊರಿಯ ಅರ್ಧ ಮಾತ್ರ. ಅಂದರೆ ನಿಮ್ಮಲ್ಲಿ 4 ಜಿಬಿಯೂ ಪೂರ್ತಿ ಸಿಗುವುದಿಲ್ಲ. ಆರಂಭದಲ್ಲಿ ಓಡುವ ಇನಿಟ್ ಕಂಟೇನರ್ ಮೆಮೊರಿ ಸಾಲದೆಂದು ಎಚ್ಚರಿಸಿಯೇ ಇರುತ್ತದೆ, ಆದರೆ ಸರಸರನೆ ಸರಿದುಹೋಗುವ ಸಾಲುಗಳ ನಡುವೆ ಅದನ್ನು ಓದುವವರು ಯಾರು!

ನಿಮ್ಮ ಕೆಲಸಕ್ಕೆ ಡಾಕರ್ ಬೇಡ. ಏರ್‌ಫ್ಲೋ ನೇರವಾಗಿ ವಿಂಡೋಸ್ ಮೇಲೆ ಓಡುವುದಿಲ್ಲವಾದ್ದರಿಂದ ಡಬ್ಲ್ಯುಎಸ್‌ಎಲ್‌ನಲ್ಲಿ ಉಬುಂಟು ಹಾಕಿಕೊಳ್ಳಿ. ಅಲ್ಲಿ ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್ ಒಂದನ್ನು ಮಾಡಿ, ಪಿಪ್ ಮೂಲಕ ಏರ್‌ಫ್ಲೋ ಅಳವಡಿಸುವಾಗ ನಿಮ್ಮ ಏರ್‌ಫ್ಲೋ ಆವೃತ್ತಿಗೂ ಪೈಥಾನ್ ಆವೃತ್ತಿಗೂ ಸರಿಹೊಂದುವ ಕನ್‌ಸ್ಟ್ರೇಂಟ್ ಫೈಲನ್ನು (ಯಾವ ಲೈಬ್ರರಿಯ ಯಾವ ಆವೃತ್ತಿ ಬೇಕೆಂಬ ಪಟ್ಟಿಯನ್ನು) ತಪ್ಪದೆ ಜೊತೆಗೆ ಕೊಡಿ. ಅದಿಲ್ಲದಿದ್ದರೆ ಇಂದು ನೆಟ್ಟಗೆ ಕೂತ ಅಳವಡಿಕೆ, ಯಾವುದೋ ಒಂದು ಲೈಬ್ರರಿಯ ಹೊಸ ಆವೃತ್ತಿ ಬಂದ ಮಾತ್ರಕ್ಕೆ ನಾಳೆ ಮುರಿದುಬೀಳಬಹುದು. ಬಳಿಕ ಏರ್‌ಫ್ಲೋ ಸ್ಟ್ಯಾಂಡ್‌ಅಲೋನ್ ಎಂಬ ಒಂದೇ ಆಜ್ಞೆ ಸಾಕು. ಅದು ಎಸ್‌ಕ್ಯೂಲೈಟ್ ಡೇಟಾಬೇಸ್ ಸಿದ್ಧಪಡಿಸಿ, ಅಡ್ಮಿನ್ ಬಳಕೆದಾರನನ್ನು ಸೃಷ್ಟಿಸಿ, ಉಳಿದೆಲ್ಲವನ್ನೂ ತಾನೇ ಓಡಿಸುತ್ತದೆ. ಪಾಸ್‌ವರ್ಡ್ ಟರ್ಮಿನಲ್‌ನಲ್ಲಿಯೇ ಕಾಣಿಸುತ್ತದೆ. ಏರ್‌ಫ್ಲೋದ 2ನೇ ಆವೃತ್ತಿಯಾದರೆ ಈ ದಾರಿಯಲ್ಲಿ ಸಲಕ್ಕೆ ಒಂದೇ ಟಾಸ್ಕ್ ಓಡುತ್ತದೆ; ಒಂದರ ಹಿಂದೊಂದು ಸಾಗುವ ನಿಮ್ಮ ಮೂರು ಟಾಸ್ಕ್‌ಗಳಿಗೆ ಅದರಿಂದ ತೊಂದರೆಯಿಲ್ಲ, ತರಗತಿಗೆ ತೋರಿಸಲು ಇನ್ನೂ ಅನುಕೂಲವೆಂದೇ ನನ್ನ ಅನಿಸಿಕೆ.

ಪೋಸ್ಟ್‌ಗ್ರೆಸ್ ಸಿಗದಿರುವುದಕ್ಕೆ ಕಾರಣ ಬೇರೆ. ಕಂಟೇನರ್‌ನೊಳಗೆ ನಿಂತು ಲೋಕಲ್‌ಹೋಸ್ಟ್ ಎಂದರೆ ಅದು ನಿಮ್ಮ ಲ್ಯಾಪ್‌ಟಾಪ್ ಅಲ್ಲ, ಆ ಕಂಟೇನರೇ. ಡಬ್ಲ್ಯುಎಸ್‌ಎಲ್ 2 ಕೂಡ ಸಾಮಾನ್ಯವಾಗಿ ತನ್ನದೇ ಜಾಲದೊಳಗೆ ಇರುವುದರಿಂದ, ಅಲ್ಲಿಗೆ ಬಂದ ಮೇಲೂ ವಿಂಡೋಸ್‌ನ ಪೋಸ್ಟ್‌ಗ್ರೆಸ್ ಲೋಕಲ್‌ಹೋಸ್ಟ್ ಹೆಸರಿಗೆ ಓಗೊಡುವುದಿಲ್ಲ. ವಿಳಾಸ ಹುಡುಕುತ್ತ ಕೂರುವ ಬದಲು ಉಬುಂಟುವಿನಲ್ಲಿಯೇ ಇನ್ನೊಂದು ಪೋಸ್ಟ್‌ಗ್ರೆಸ್ ಹಾಕಿ, ಸಿಎಸ್‌ವಿ ಫೈಲನ್ನೂ ಸಿ ಡ್ರೈವ್‌ನಿಂದ ಲಿನಕ್ಸ್‌ನ ಹೋಮ್ ಫೋಲ್ಡರ್‌ಗೆ ತಂದುಕೊಳ್ಳಿ.

ಇನ್ನು ಐದೂವರೆ ಗಂಟೆಯ ಲೆಕ್ಕ. ಏರ್‌ಫ್ಲೋ ತಾನಾಗಿ ಯುಟಿಸಿ (ಜಾಗತಿಕ ಪ್ರಮಾಣ) ಸಮಯವನ್ನು ಹಿಡಿಯುತ್ತದೆ, ಅಲ್ಲಿಯ 6 ಗಂಟೆ ನಮ್ಮ 11.30. ವೆಬ್ ಪುಟದ ಮೂಲೆಯಲ್ಲಿ ಸಮಯವಲಯ ಬದಲಿಸಿದರೆ ಬದಲಾಗುವುದು ತೋರಿಕೆ ಮಾತ್ರ. ಡ್ಯಾಗ್‌ನ, ಅಂದರೆ ನೀವು ಬರೆದ ಪೈಪ್‌ಲೈನ್‌ನ, ಸ್ಟಾರ್ಟ್ ಡೇಟ್‌ಗೆ ಏಷ್ಯಾ/ಕೋಲ್ಕತಾ ಸಮಯವಲಯವನ್ನು ಕೊಟ್ಟರೆ ಆರು ಗಂಟೆ ಎಂದರೆ ನಮ್ಮ ಆರು ಗಂಟೆಯೇ ಆಗುತ್ತದೆ. ಅದೇ ಸಾಲಿನ ಬಳಿ ಕ್ಯಾಚಪ್ (ಹಿಂದಿನ ಬಾಕಿ ಓಟಗಳನ್ನು ಓಡಿಸುವ ಆಯ್ಕೆ) ಬೇಡವೆಂದೂ ಬರೆಯಿರಿ. 3ನೇ ಆವೃತ್ತಿಯಲ್ಲಿ ಅದು ತಾನಾಗಿಯೇ ಮುಚ್ಚಿರುತ್ತದೆ, 2ನೆಯದರಲ್ಲಿ ತೆರೆದಿರುತ್ತದೆ. ಸ್ಟಾರ್ಟ್ ಡೇಟ್ ಹೋದ ವರ್ಷದ್ದಾಗಿದ್ದರೆ, ನೀವು ಸ್ವಿಚ್ ಒತ್ತಿದೊಡನೆ ಅಂದಿನಿಂದ ಇಂದಿನವರೆಗಿನ ಬಾಕಿ ದಿನಗಳೆಲ್ಲ ಸಾಲುಗಟ್ಟಿ ಓಡತೊಡಗುತ್ತವೆ. ವಿದ್ಯಾರ್ಥಿಗಳ ಎದುರು ಅದು ಬೇಡ.

ಪ್ರಶ್ನೆ: ನಾನು ಕಂಪೋಸ್‌ನಲ್ಲಿಯೇ ಅಭ್ಯಾಸ ಮಾಡುತ್ತಿದ್ದೇನೆ. ಡೌನ್ ಆಜ್ಞೆ ಕೊಟ್ಟು ಮತ್ತೆ ಎಬ್ಬಿಸಿದರೂ ಹಳೆಯ ರನ್‌ಗಳೆಲ್ಲ ಹಾಗೆಯೇ ಕಾಣುತ್ತವೆ. ಲಾಗ್ ಫೋಲ್ಡರನ್ನು ಅಳಿಸಲು ಹೋದರೆ ಅನುಮತಿಯಿಲ್ಲ ಎನ್ನುತ್ತದೆ. (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಡೌನ್ ಆಜ್ಞೆ ಕಂಟೇನರ್‌ಗಳನ್ನು ತೆಗೆಯುತ್ತದೆಯೇ ಹೊರತು ಡೇಟಾಬೇಸ್ ಕುಳಿತಿರುವ ವಾಲ್ಯೂಮನ್ನಲ್ಲ, ವಾಲ್ಯೂಮ್ಸ್ ಎಂಬ ಆಯ್ಕೆಯನ್ನು ಜೊತೆಗೆ ಕೊಟ್ಟರೆ ಎಲ್ಲವೂ ಹೋಗುತ್ತದೆ. ಫೋಲ್ಡರ್ ಲಿನಕ್ಸ್‌ನ ಸರ್ವಾಧಿಕಾರದ ಬಳಕೆದಾರನಾದ ರೂಟ್‌ನ ಹೆಸರಿನಲ್ಲಿದೆ, ಅದನ್ನು ಈ ಸಲ ಆ ಅಧಿಕಾರ ಕೊಡುವ ಸುಡೋ ಆಜ್ಞೆ ಬಳಸಿ ಅಳಿಸಿ. ಮುಂದಿನ ಸಲ ಕಂಪೋಸ್ ಎಬ್ಬಿಸುವ ಮೊದಲು ಅದರ ಸೆಟ್ಟಿಂಗ್‌ಗಳಿರುವ ಎನ್ವ್ ಫೈಲಿನಲ್ಲಿ ಏರ್‌ಫ್ಲೋ ಯುಐಡಿ ಎಂಬಲ್ಲಿ ನಿಮ್ಮ ಲಿನಕ್ಸ್ ಬಳಕೆದಾರ ಸಂಖ್ಯೆಯನ್ನು ಬರೆದಿಡಿ.