ನನ್ನ ಚೆಸ್ ಪ್ರೋಗ್ರಾಮ್‌ಗೆ ಪರ್ಫ್ಟ್ 6 (ಎರಡೂ ಕಡೆ ಸೇರಿ ಆರು ನಡೆ ಆಳದವರೆಗೆ ಸಾಧ್ಯ ಇರೋ ದಾರಿಗಳನ್ನೆಲ್ಲ ಎಣಿಸೋ ಟೆಸ್ಟ್) ಮುಗಿಸೋಕೆ 35 ಸೆಕೆಂಡ್ ಬೇಕು, ಸ್ಟಾಕ್‌ಫಿಶ್ ಅನ್ನೋ ಹೆಸರಾಂತ ಚೆಸ್ ಎಂಜಿನ್‌ಗೆ ಒಂದು ಸೆಕೆಂಡ್ ಆಸುಪಾಸು. ಮ್ಯಾಜಿಕ್ ಬಿಟ್‌ಬೋರ್ಡ್‌ಗೆ (ಆನೆ, ಒಂಟೆ ಎಲ್ಲೆಲ್ಲಿಗೆ ಹೋಗಬಹುದು ಅಂತ ಮೊದ್ಲೇ ಲೆಕ್ಕ ಹಾಕಿಟ್ಟ ಟೇಬಲ್‌ನಿಂದ ಥಟ್ಟಂತ ತೆಗೆಯೋ ವಿಧಾನ) ಹೋಗ್ಲಾ?

ಬೇಡ. ಇವತ್ತಂತೂ ಬೇಡ. ನಂದು 41 ಸೆಕೆಂಡ್ ಇತ್ತು. ನಾನೂ ಹೀಗೇ ಸ್ಟಾಕ್‌ಫಿಶ್‌ನಲ್ಲಿ ಗೋ ಪರ್ಫ್ಟ್ 6 ಅಂತ ಹೊಡೆದು ಟೀ ಲೋಟ ಎತ್ತೋದ್ರೊಳಗೆ 119060324 ಬಂದಿದ್ದು ನೋಡಿ, ನನ್ನ ಮೂವ್ ಜನರೇಟರ್, ಅಂದ್ರೆ ನಡೆಗಳ ಪಟ್ಟಿ ಮಾಡೋ ಕೋಡ್, ಶುದ್ಧ ಕಸ ಅಂತ ತೀರ್ಮಾನ ಮಾಡ್ಬಿಟ್ಟೆ. ಆಮೇಲೆ ಎರಡು ತಿಂಗಳು, ಆಫೀಸ್ ಮುಗಿಸ್ಕೊಂಡು ಬಂದು ರಾತ್ರಿ ಒಂದು ಗಂಟೆವರೆಗೂ ಕೂತು ಆನೆ, ಒಂಟೆ, ಮಂತ್ರಿ ಎಲ್ಲಕ್ಕೂ ಮ್ಯಾಜಿಕ್ ಟೇಬಲ್ ಬರೆದೆ. 41 ಇದ್ದಿದ್ದು 37 ಆಯ್ತು. ನಾಲ್ಕೇ ಸೆಕೆಂಡು ಸ್ವಾಮಿ!

ಎಡವಿದ್ದೆಲ್ಲಿ ಅಂದ್ರೆ, ಸ್ಟಾಕ್‌ಫಿಶ್ ಪರ್ಫ್ಟ್‌ನಲ್ಲಿ ಕೊನೇ ನಡೆ ಆಡೋದೇ ಇಲ್ಲ. ಐದು ನಡೆ ಆಡುತ್ತೆ, ಅಲ್ಲಿಂದ ಲೀಗಲ್ ಮೂವ್ಸ್ ಪಟ್ಟಿ ಮಾಡಿ ಅದರ ಉದ್ದ ಕೂಡಿಸ್ಕೊಂಡು ಹೋಗುತ್ತೆ, ಬಲ್ಕ್ ಕೌಂಟಿಂಗ್ ಅಂತಾರಲ್ಲ ಅದು. ನಂದು ಆ ಹನ್ನೊಂದು ಮುಕ್ಕಾಲು ಕೋಟಿ ಚಿಲ್ಲರೆ ನಡೆಗಳನ್ನೂ ಒಂದೊಂದಾಗಿ ಬೋರ್ಡ್ ಮೇಲೆ ಆಡಿ, ರಾಜ ಚೆಕ್‌ನಲ್ಲಿ ಸಿಕ್ಕಾಕೊಂಡ್ನಾ ನೋಡಿ, ವಾಪಸ್ ತಗೊಂಡು, ಆಮೇಲೆ ಒಂದು ಅಂತ ಎಣಿಸ್ತಿತ್ತು. ಡೆಪ್ತ್ 5ರ, ಅಂದ್ರೆ ಐದು ನಡೆ ಆಳದ, ಲೆಕ್ಕ 4865609, ಕೊನೇ ಮಟ್ಟ ಅದರ 24 ಪಟ್ಟು. ಅಂದ್ರೆ ಗೋಡೌನ್‌ನಲ್ಲಿ ಅವನು ರಿಜಿಸ್ಟರ್ ನೋಡಿ ಮೂಟೆ ಲೆಕ್ಕ ಹೇಳ್ತಿದ್ದ, ನಾನು ಪ್ರತಿ ಮೂಟೆ ಇಳಿಸಿ ಮತ್ತೆ ಏರಿಸ್ತಿದ್ದೆ, ಅದೂ ಅವನ ಜೊತೆ ರೇಸ್! ಟೈಮ್ ಎಲ್ಲಿ ಹೋಗ್ತಿದೆ ಅಂತ ತೋರಿಸೋ ಪ್ರೊಫೈಲರ್ ಒಂದ್ಸಲ ಓಡಿಸಿದ್ರೆ ಸಾಕಿತ್ತು, ಮುಕ್ಕಾಲು ಟೈಮ್ ನಡೆ ಆಡಿ ವಾಪಸ್ ತಗೊಳ್ಳೋದ್ರಲ್ಲೇ ಹೋಗ್ತಿತ್ತು. ಓಡಿಸಲಿಲ್ಲ. ಬಲ್ಕ್ ಕೌಂಟಿಂಗ್ ಹಾಕಿದ ಮೇಲೆ 3 ಸೆಕೆಂಡ್ ಚಿಲ್ಲರೆ, ಅದೇ ತಂತ್ರ ಮ್ಯಾಜಿಕ್ ಟೇಬಲ್ ಇಲ್ಲದ ಹಳೇ ಅರೇ ಬೋರ್ಡ್ ಕೋಡ್‌ಗೆ ಹಾಕಿದ್ರೆ 4, ಹೊಟ್ಟೆ ಉರೀತು.

ಆದ್ರೆ ಬಲ್ಕ್ ಕೌಂಟಿಂಗ್‌ಗೆ ಜನರೇಟರ್ ಪಕ್ಕಾ ಲೀಗಲ್ ನಡೆಗಳನ್ನೇ ಕೊಡಬೇಕು, ಪಿನ್ (ರಾಜನಿಗೆ ಅಡ್ಡ ನಿಂತಿದ್ದಕ್ಕೆ ಸರಿಯೋ ಹಾಗಿಲ್ಲದ ಕಾಯಿ) ಎಲ್ಲ ಲೆಕ್ಕ ಹಾಕಿ. ಅಲ್ಲಿ ಮತ್ತೆ ಬಿದ್ದೆ. ಬಿ4ನಲ್ಲಿ ಬಿಳಿ ಆನೆ, ಎಫ್4ನಲ್ಲಿ ಕಪ್ಪು ಪೇದೆ, ಎಚ್4ನಲ್ಲಿ ಕಪ್ಪು ರಾಜ ಇರೋ ಒಂದು ಟೆಸ್ಟ್ ಪೊಸಿಷನ್ ಇದೆ. ಬಿಳಿ ಪೇದೆ ಇ2ಯಿಂದ ಇ4ಕ್ಕೆ ಹೋದಾಗ ಅದನ್ನ ಎನ್ ಪಾಸಾಂಟ್ (ಎರಡು ಮನೆ ಹಾರಿದ ಪೇದೆಯನ್ನ ಪಕ್ಕದ ಪೇದೆ ಹೊಡೆಯೋ ನಿಯಮ) ಹೊಡೆದ್ರೆ ಎರಡೂ ಪೇದೆ ಒಟ್ಟಿಗೆ ಆ ಸಾಲಿಂದ ಮಾಯ, ಆನೆ ಸೀದಾ ರಾಜನ ಮೇಲೆ. ಜಿ4 ಆಡಿದ್ರೂ ಅದೇ ಕಥೆ. ಡೆಪ್ತ್ 2ಕ್ಕೆ 191 ಬರಬೇಕು, ನಂದು 193 ಅಂತಿತ್ತು.

ನಿಮ್ಗೆ ಶುರುವಿನ ಪೊಸಿಷನ್‌ನಲ್ಲಿ ಡೆಪ್ತ್ 6ರ ಲೆಕ್ಕ ಸರಿ ಬಂದಿದೆ ಅಂತ ಖುಷಿ ಇರಬಹುದು, ಆದ್ರೆ ಅಲ್ಲಿವರೆಗೂ ಒಂದೇ ಒಂದು ಕ್ಯಾಸಲಿಂಗ್ (ರಾಜ, ಆನೆ ಒಟ್ಟಿಗೆ ಸರಿಯೋ ನಡೆ) ಬರಲ್ಲ, ಪೇದೆ ಕೊನೇ ಸಾಲು ಮುಟ್ಟೋ ಪ್ರಮೋಷನ್ನಂತೂ ದೂರದ ಮಾತು. ಇನ್ನು ನಿಜವಾದ ಆಟದಲ್ಲಿ ಪೊಸಿಷನ್ ಎಷ್ಟು ಒಳ್ಳೇದು ಅಂತ ಅಳೆಯೋ ಇವ್ಯಾಲ್ಯುಯೇಷನ್ನೇ ಟೈಮ್ ತಿನ್ನುತ್ತೆ, ಮೂವ್ ಆರ್ಡರಿಂಗ್ (ಒಳ್ಳೇ ನಡೆಗಳನ್ನ ಮೊದ್ಲು ನೋಡೋದು) ಚೆನ್ನಾಗಿದ್ರೆ, ನೋಡಬೇಕಿಲ್ಲದ ದಾರಿಗಳನ್ನ ಬಿಡೋ ಆಲ್ಫಾ-ಬೀಟಾ ಹುಡುಕಾಟದ ಮರದ ಬಹುಪಾಲನ್ನೇ ಕಡಿದು ಬಿಸಾಕುತ್ತೆ, ಈ 35 ಸೆಕೆಂಡ್‌ನ ಯಾರು ಕೇಳ್ತಾರೆ. ಸೆಕೆಂಡ್ ಲೆಕ್ಕ ಆಮೇಲೆ ನೋಡೋಣ, ಕಿವಿಪೀಟ್ ಅನ್ನೋ ಹೆಸರಾದ ಟೆಸ್ಟ್ ಪೊಸಿಷನ್‌ನಲ್ಲಿ ಡೆಪ್ತ್ 4ಕ್ಕೆ ನಿಮ್ದು 4085603 ಕೊಡುತ್ತಾ, ಅದನ್ನ ಮೊದ್ಲು ಹೇಳಿ.